ಹೆಡ್‌ಫೋನ್‌ನಲ್ಲಿ ಜೇನು, ಆಂಪ್‌ನಲ್ಲಿ ಜೇನುಹುಳು: ಪ್ರೊಸೆಸರ್ ವೈರ್ ಎಲ್ಲಿಗೆ ಚುಚ್ಚಬೇಕು?

ಹೋದ ತಿಂಗಳು ಸರಸ್ವತಿಪುರಂನ ನಮ್ಮ ಮನೆಗೆ ಒಬ್ಬ ಹುಡುಗ ಬಂದಿದ್ದ. ಇಂಜಿನಿಯರಿಂಗ್ ಓದುತ್ತಿದ್ದಾನೆ, ಕೈ ಚೆನ್ನಾಗಿದೆ. ಬ್ಯಾಗ್‌ನಲ್ಲಿ ಹೊಸ ಗಿಟಾರ್ ಪ್ರೊಸೆಸರ್ (ಎಫೆಕ್ಟ್‌ಗಳು, ಆಂಪ್‌ಗಳ ನಕಲು ಎಲ್ಲ ಒಂದೇ ಡಬ್ಬದಲ್ಲಿ), ಸ್ಕೂಟರಿನಲ್ಲಿ ಕಾಲಿಡುವ ಜಾಗದಲ್ಲಿ ಗಿಟಾರಿನ ಸದ್ದು ದೊಡ್ಡದು ಮಾಡುವ ಆಂಪ್. “ಅಣ್ಣಾ, ಇದು ಡಿಫೆಕ್ಟ್ ಪೀಸ್ ಅನ್ಸುತ್ತೆ, ವಾಪಸ್ ಕೊಟ್ಬಿಡ್ಲಾ?” ಅಂದ. ಮೊದಲು ಹೆಡ್‌ಫೋನ್ ಹಾಕಿ ಕೇಳಿಸಿದ. ಜೇನು ಸುರಿದ ಹಾಗಿತ್ತು. ಅದೇ ಪ್ಯಾಚನ್ನು (ಪ್ರೊಸೆಸರ್‌ನಲ್ಲಿ ಉಳಿಸಿಟ್ಟ ಸೆಟ್ಟಿಂಗ್) ಆಂಪ್‌ಗೆ ಚುಚ್ಚಿ ಬಾರಿಸಿದ. ಡಬ್ಬದೊಳಗೆ ಜೇನುಹುಳು ತುಂಬಿ ಮುಚ್ಚಳ ಹಾಕಿದ ಹಾಗಿತ್ತು.

ಪೀಸ್ ಸರಿಯಾಗಿಯೇ ಇತ್ತು. ನಾನು ಮಾಡಿದ್ದು ಎರಡೇ ಕೆಲಸ. ಪ್ರೊಸೆಸರ್‌ನಲ್ಲಿ ಕ್ಯಾಬ್, ಅಂದರೆ ಸ್ಪೀಕರ್ ಪೆಟ್ಟಿಗೆಯ ನಕಲು, ಆಫ್ ಮಾಡಿದೆ. ವೈರನ್ನು ಆಂಪ್‌ನ ಮುಂದಿನಿಂದ ಕಿತ್ತು ಹಿಂದಕ್ಕೆ ಹಾಕಿದೆ. ಹುಡುಗ ಒಂದು ಕಾರ್ಡ್ ಬಾರಿಸಿ ನನ್ನ ಮುಖ ನೋಡಿದ. ಆಮೇಲೆ ಒಂದು ಗಂಟೆ ಎದ್ದು ಹೋಗಲೇ ಇಲ್ಲ.

ಮೈಸೂರು, ಮಂಡ್ಯ ಕಡೆ ಗಿಟಾರ್ ಬಾರಿಸುವ ಎಷ್ಟೋ ಜನ ‘ಯಾವ ಪ್ರೊಸೆಸರ್ ತಗೊಳ್ಳಲಿ’ ಅಂತ ತಿಂಗಳುಗಟ್ಟಲೆ ತಲೆ ಕೆಡಿಸಿಕೊಳ್ಳುತ್ತಾರೆ. ಅದರ ವೈರ್ ಎಲ್ಲಿಗೆ ಹೋಗಬೇಕು ಅಂತ ಐದು ನಿಮಿಷವೂ ಯೋಚಿಸುವುದಿಲ್ಲ. ನನ್ನ ಅನುಭವದಲ್ಲಿ ಟೋನ್ ಕೆಡುವುದು ಹೆಚ್ಚಾಗಿ ಆ ವೈರ್‌ನ ಇನ್ನೊಂದು ತುದಿಯಲ್ಲಿ. ಹಾಗಾಗಿ ಇಲ್ಲಿ ಬ್ರ್ಯಾಂಡ್‌ಗಳ ಹೋಲಿಕೆ ಇಲ್ಲ. ವೈರ್ ಹಾಕುವ ದಾರಿಗಳ ಹೋಲಿಕೆ ಇದೆ.

ಆಂಪ್ ಒಳಗೆ ಮೂರು ಸಾಮಾನು

ಹೊರಗಿನಿಂದ ನೋಡಿದರೆ ಗಿಟಾರ್ ಆಂಪ್ ಒಂದೇ ಪೆಟ್ಟಿಗೆ. ಒಳಗೆ ಮೂರು ಸಾಮಾನು ಇವೆ. ಮೊದಲನೆಯದು ಪ್ರೀಆಂಪ್. ಗೇನ್, ಬೇಸ್, ಮಿಡ್, ಟ್ರೆಬಲ್ ನಾಬ್‌ಗಳೆಲ್ಲ ಇದಕ್ಕೆ ಸೇರಿದವು. ಗಿಟಾರಿನ ಸಣ್ಣ ಸಿಗ್ನಲ್ ಇಲ್ಲಿ ಬೆಳೆಯುತ್ತದೆ, ಬಣ್ಣವನ್ನೂ ಇಲ್ಲೇ ಹಚ್ಚಿಕೊಳ್ಳುತ್ತದೆ. ಎರಡನೆಯದು ಪವರ್ ಆಂಪ್, ಸ್ಪೀಕರನ್ನು ತಳ್ಳುವ ಶಕ್ತಿ. ಮೂರನೆಯದು ಸ್ಪೀಕರ್, ಅದು ಕೂತಿರುವ ಮರದ ಪೆಟ್ಟಿಗೆಯೂ ಸೇರಿ.

ಈ ಮೂರನೆಯದನ್ನು ಜನ ಲೆಕ್ಕಕ್ಕೇ ತಗೊಳ್ಳುವುದಿಲ್ಲ. ಗಿಟಾರ್ ಸ್ಪೀಕರ್ ಹಾಡು ಕೇಳುವ ಸ್ಪೀಕರ್ ಅಲ್ಲ. ಅದರಲ್ಲಿ ಟ್ವೀಟರ್ (ತೀಕ್ಷ್ಣ ಸ್ವರಗಳಿಗೆ ಇರುವ ಸಣ್ಣ ಸ್ಪೀಕರ್) ಇರುವುದಿಲ್ಲ. ಸುಮಾರು 5000 ಹರ್ಟ್ಸ್ (ಸೆಕೆಂಡಿಗೆ ಎಷ್ಟು ಕಂಪನ ಅನ್ನುವ ಲೆಕ್ಕ, ಹೆಚ್ಚಾದಷ್ಟೂ ಸ್ವರ ತೀಕ್ಷ್ಣ) ದಾಟಿದ ಮೇಲೆ ಅದರ ಸದ್ದು ಬೇಗ ಇಳಿದುಹೋಗುತ್ತದೆ. ಡಿಸ್ಟಾರ್ಷನ್‌ನಲ್ಲಿ (ಬೇಕಂತಲೇ ಒಡೆದ ಗಿಟಾರ್ ಸದ್ದು) ಕಿವಿ ಕೊರೆಯುವ ಭಾಗ ಅದರ ಮೇಲೆಯೇ ಕೂತಿರುತ್ತದೆ. ಸ್ಪೀಕರ್ ಅದನ್ನು ಜರಡಿಯ ಹಾಗೆ ಸೋಸಿಬಿಡುತ್ತದೆ. ನಾವು ‘ಗಿಟಾರ್ ಸೌಂಡ್’ ಅಂತ ಇಷ್ಟಪಡುವುದು ಸೋಸಿ ಉಳಿದದ್ದನ್ನು.

ಪ್ರೊಸೆಸರ್ ಈ ಮೂರನ್ನೂ ಒಳಗೇ ನಕಲು ಮಾಡುತ್ತದೆ. ಅದರಲ್ಲಿರುವ ಆಂಪ್ ಮಾಡೆಲ್ ಮೊದಲ ಎರಡರ ನಕಲು. ಕ್ಯಾಬ್ ಅನ್ನುವುದು ಸ್ಪೀಕರ್, ಪೆಟ್ಟಿಗೆ, ಅದರ ಮುಂದೆ ಇಟ್ಟ ಮೈಕ್, ಇಷ್ಟರ ನಕಲು. ಈಚಿನ ಪ್ರೊಸೆಸರ್‌ಗಳಲ್ಲಿ ಐಆರ್ ಅಂತ ಬರುವುದೂ ಇದೇ ಕೆಲಸಕ್ಕೆ, ನಿಜವಾದ ಪೆಟ್ಟಿಗೆಯನ್ನೇ ಅಳೆದು ತೆಗೆದದ್ದು. ಹೆಡ್‌ಫೋನ್‌ನಲ್ಲಿ ಕೇಳುವಾಗ ಈ ನಕಲುಗಳೆಲ್ಲ ಬೇಕು. ಅಲ್ಲಿ ಅಸಲಿ ಯಾವುದೂ ಇಲ್ಲವಲ್ಲ.

ಅದನ್ನೇ ತಂದು ನಿಜವಾದ ಆಂಪ್‌ಗೆ ಚುಚ್ಚಿದರೆ ಏನಾಗುತ್ತದೆ? ನಕಲಿ ಪ್ರೀಆಂಪ್ ಮೇಲೆ ಅಸಲಿ ಪ್ರೀಆಂಪ್, ನಕಲಿ ಸ್ಪೀಕರ್ ಮೇಲೆ ಅಸಲಿ ಸ್ಪೀಕರ್. ಒಂದೇ ಸಾರಿಗೆ ಎರಡು ಸಲ ಒಗ್ಗರಣೆ ಹಾಕಿದ ಹಾಗೆ. ಎರಡೂ ಒಳ್ಳೆಯ ಒಗ್ಗರಣೆಯೇ, ಸಾರು ಮಾತ್ರ ಕೆಟ್ಟಿತು. ಮುಂದೆ ಬರುವ ಎಲ್ಲ ದಾರಿಗಳಲ್ಲೂ ಕೇಳಿಕೊಳ್ಳಬೇಕಾದ ಪ್ರಶ್ನೆ ಇದೊಂದೇ: ಯಾವುದು ಎರಡು ಸಲ ಬಿತ್ತು, ಯಾವುದು ಬೀಳಲೇ ಇಲ್ಲ?

ಮೊದಲ ದಾರಿ: ಮುಂದಿನ ಇನ್‌ಪುಟ್

ಎಲ್ಲರೂ ಮೊದಲು ಮಾಡುವುದು ಇದನ್ನೇ. ಗಿಟಾರ್‌ನಿಂದ ಪ್ರೊಸೆಸರ್, ಪ್ರೊಸೆಸರ್‌ನಿಂದ ಆಂಪ್‌ನ ಇನ್‌ಪುಟ್. ಯಾವ ಆಂಪ್ ಸಿಕ್ಕರೂ ನಡೆಯುತ್ತದೆ. ಆಂಪ್ ಚೆನ್ನಾಗಿದ್ದರೆ ಇದೇ ಸಾಕು. ಆದರೆ ಒಂದು ಷರತ್ತು ಇದೆ. ಪ್ರೊಸೆಸರನ್ನು ನಾಲ್ಕಾರು ಪೆಡಲ್‌ಗಳ ಹಾಗೆ ಬಳಸಬೇಕು. ಕ್ಯಾಬ್ ಆಫ್, ಆಂಪ್ ಮಾಡೆಲ್ ಆಫ್. ಉಳಿದದ್ದು ಕಂಪ್ರೆಸರ್, ಓವರ್‌ಡ್ರೈವ್ (ಹಗುರ ಡಿಸ್ಟಾರ್ಷನ್), ಕೋರಸ್, ಡಿಲೇ (ಸ್ವರ ತಡೆದು ಮತ್ತೆ ಕೇಳಿಸುವುದು) ಇಂಥ ಎಫೆಕ್ಟ್‌ಗಳು. ಆಂಪ್ ಕ್ಲೀನ್ (ಸದ್ದು ಒಡೆಯದ) ಚಾನೆಲ್‌ನಲ್ಲಿರಲಿ, ಅದರ ರಿವರ್ಬ್ (ಮಾರ್ದನಿ) ಸೊನ್ನೆಗಿರಲಿ.

ಲೆವೆಲ್ ನೋಡುವುದಕ್ಕೆ ಒಂದು ಸುಲಭ ಪರೀಕ್ಷೆ ಇದೆ. ಮೊದಲು ಗಿಟಾರನ್ನು ನೇರ ಆಂಪ್‌ಗೆ ಹಾಕಿ ಬಾರಿಸಿ. ಆಮೇಲೆ ಮಧ್ಯೆ ಪ್ರೊಸೆಸರ್ ಹಾಕಿ, ಎಲ್ಲ ಎಫೆಕ್ಟ್ ಆಫ್ ಮಾಡಿ ಬಾರಿಸಿ. ಎರಡೂ ಒಂದೇ ಎತ್ತರದಲ್ಲಿ ಕೇಳಬೇಕು. ಪ್ರೊಸೆಸರ್‌ನ ಔಟ್‌ಪುಟ್ ನಾಬ್ ಪೂರ್ತಿ ತಿರುಗಿಸಿಟ್ಟರೆ ಆಂಪ್‌ನ ಇನ್‌ಪುಟ್ ತುಂಬಿ ತುಳುಕುತ್ತದೆ, ಕ್ಲೀನ್ ಅಂದುಕೊಂಡದ್ದೂ ಒಡೆದು ಬರುತ್ತದೆ. ನಮ್ಮ ಹುಡುಗನ ತಪ್ಪುಗಳಲ್ಲಿ ಇದೂ ಒಂದು.

ಕೆಲವರಿಗೆ ಆಂಪ್ ಮಾಡೆಲ್ ಬೇಕೇ ಬೇಕು, ಹಿಂದೆ ಬೇರೆ ಜ್ಯಾಕ್ ಇಲ್ಲ. ಆಗ ಅಸಲಿ ಪ್ರೀಆಂಪ್ ಆದಷ್ಟು ತೆಪ್ಪಗೆ ಕೂರುವ ಹಾಗೆ ಮಾಡಬೇಕು. ಇಲ್ಲಿ ಒಂದು ಮೋಸ ಇದೆ. ಬೇಸ್, ಮಿಡ್, ಟ್ರೆಬಲ್ ಮೂರನ್ನೂ ಗಡಿಯಾರದ ಹನ್ನೆರಡಕ್ಕೆ ನಿಲ್ಲಿಸಿದರೆ ಸಮ ಆಯಿತು ಅಂತ ನಾವು ಅಂದುಕೊಳ್ಳುತ್ತೇವೆ. ಫೆಂಡರ್ ಮಾದರಿಯ ಆಂಪ್‌ಗಳಲ್ಲಿ ಹಾಗಲ್ಲ. ಹನ್ನೆರಡಕ್ಕೆ ಇಟ್ಟರೂ ಮಧ್ಯದ ಸ್ವರಗಳು ಹಳ್ಳ ಬಿದ್ದಿರುತ್ತವೆ. ಮಿಡ್ ಪೂರ್ತಿ ಏರಿಸಿ, ಬೇಸ್ ಮತ್ತು ಟ್ರೆಬಲ್ ನಾಬ್ ಮೇಲಿನ ಅಂಕಿ 2ರ ಆಸುಪಾಸಿಗೆ (ಗಡಿಯಾರದ ಎರಡಲ್ಲ) ಇಳಿಸಿ ನೋಡಿ. ನೋಡುವುದಕ್ಕೆ ವಿಚಿತ್ರ, ಕೇಳುವುದಕ್ಕೆ ಸರಿ. ಬಾಸ್ ಕಂಪನಿಯ ಜಿಟಿ ಸಾಲಿನ ಪ್ರೊಸೆಸರ್ ಇದ್ದರೆ ಔಟ್‌ಪುಟ್ ಸೆಲೆಕ್ಟ್ ಅನ್ನುವ ಮೆನು ಇದೆ. ಯಾವ ಥರದ ಆಂಪ್‌ಗೆ ಹಾಕಿದ್ದೀರಿ ಅಂತ ಅಲ್ಲಿ ಹೇಳಿದರೆ ಅದೇ ತಕ್ಕಮಟ್ಟಿಗೆ ಸರಿಪಡಿಸಿಕೊಳ್ಳುತ್ತದೆ. ಆ ಪ್ರೊಸೆಸರ್ ಇಟ್ಟುಕೊಂಡ ಹತ್ತು ಜನರಲ್ಲಿ ಎಂಟು ಜನ ಆ ಮೆನುವನ್ನು ತೆರೆದೇ ನೋಡಿರುವುದಿಲ್ಲ, ನನ್ನ ಊಹೆ.

ಈ ದಾರಿಗೆ ಹೇಳಿ ಮಾಡಿಸಿದ ಆಂಪ್ ಅಂದರೆ ರೋಲ್ಯಾಂಡ್ ಜಾಝ್ ಕೋರಸ್ 120. 1975ರಿಂದ ಬರುತ್ತಿದೆ. ಎರಡು 12 ಇಂಚಿನ ಸ್ಪೀಕರ್, ಒಂದೊಂದಕ್ಕೂ 60 ವ್ಯಾಟ್. ಎಷ್ಟು ಏರಿಸಿದರೂ ಕ್ಲೀನ್ ಆಗಿಯೇ ಉಳಿಯುವುದು ಅದರ ಖ್ಯಾತಿ. ಬಾಡಿಗೆ ಸೆಟ್‌ನಲ್ಲಿ ಅದು ಸಿಕ್ಕರೆ ನಿಮ್ಮ ಪುಣ್ಯ. ಎತ್ತಿ ಇಡುವವರ ಸೊಂಟ ಬೇರೆ ವಿಷಯ.

ಎರಡನೇ ದಾರಿ: ಹಿಂದಿನ ರಿಟರ್ನ್

ನನಗೆ ಜಾಸ್ತಿ ಇಷ್ಟ ಇದು. ಆಂಪ್ ಹಿಂದೆ ‘ಸೆಂಡ್’, ‘ರಿಟರ್ನ್’ ಅಂತ ಎರಡು ಜ್ಯಾಕ್ ಇರುತ್ತವೆ, ಎಲ್ಲ ಆಂಪ್‌ನಲ್ಲೂ ಅಲ್ಲ. ಬಾಸ್ ಕಟಾನಾದ ಕೆಲವು ಮಾಡೆಲ್‌ಗಳಲ್ಲಿ ‘ಪವರ್ ಆಂಪ್ ಇನ್’ ಅಂತಲೇ ಬರೆದಿದೆ. ಸೆಂಡ್ ಅಂದರೆ ಪ್ರೀಆಂಪ್ ಮುಗಿದು ಹೊರಗೆ ಬರುವ ಬಾಗಿಲು. ರಿಟರ್ನ್ ಅಂದರೆ ಪವರ್ ಆಂಪ್ ಒಳಗೆ ಹೋಗುವ ಬಾಗಿಲು. ಪ್ರೊಸೆಸರ್‌ನ ಔಟ್‌ಪುಟನ್ನು ನೇರ ರಿಟರ್ನ್‌ಗೆ ಹಾಕಿದರೆ ಆಂಪ್‌ನ ಪ್ರೀಆಂಪ್ ಆಟದಿಂದಲೇ ಹೊರಗೆ. ಈಗ ಪ್ರೊಸೆಸರ್‌ನ ಆಂಪ್ ಮಾಡೆಲ್ ಆನ್ ಇರಬೇಕು, ಕ್ಯಾಬ್ ಆಫ್ ಇರಬೇಕು. ಸ್ಪೀಕರ್ ಹೇಗೂ ಅಸಲಿ ಇದೆ.

ಆ ಹುಡುಗನ ಆಂಪ್‌ನಲ್ಲಿ ರಿಟರ್ನ್ ಜ್ಯಾಕ್ ಮೇಲೆ ಧೂಳು ಕೂತಿತ್ತು. ತಗೊಂಡ ಮೇಲೆ ಒಂದು ಸಲವೂ ಬಳಸಿರಲಿಲ್ಲ. ವೈರ್ ಚುಚ್ಚಿದ ಮೇಲೆ ಅವನಿಗೆ ಹೇಳಿದೆ: “ಈಗ ಮುಂದಿನ ಟ್ರೆಬಲ್ ನಾಬ್ ತಿರುಗಿಸಪ್ಪ.” ತಿರುಗಿಸಿದ. ಏನೂ ಬದಲಾಗಲಿಲ್ಲ. ಗೇನ್ ತಿರುಗಿಸಿದ. ಏನೂ ಇಲ್ಲ. ಪರೀಕ್ಷೆ ಅಂದರೆ ಅಷ್ಟೇ. ನಾಬ್‌ಗಳು ಸತ್ತ ಹಾಗಿದ್ದರೆ ಪ್ರೀಆಂಪ್ ದಾಟಿ ಬಂದಿದ್ದೀರಿ ಅಂತ ಅರ್ಥ. ಟ್ರೆಬಲ್ ಇನ್ನೂ ಕೆಲಸ ಮಾಡುತ್ತಿದ್ದರೆ ಆ ಆಂಪ್‌ನ ಲೂಪ್ (ಸೆಂಡ್-ರಿಟರ್ನ್ ಜೋಡಿ) ಬೇರೆ ರೀತಿ ಇದೆ, ಮೇಲೆ ಹೇಳಿದ ಮಿಡ್ ಏರಿಸುವ ಉಪಾಯವನ್ನೇ ಮಾಡಬೇಕು.

ಒಂದು ಎಚ್ಚರಿಕೆ, ದಯವಿಟ್ಟು ಇದನ್ನು ಹಾರಿಸಿ ಓದಬೇಡಿ. ಕೆಲವು ಆಂಪ್‌ಗಳಲ್ಲಿ ಮಾಸ್ಟರ್ ವಾಲ್ಯೂಮ್ ರಿಟರ್ನ್‌ಗಿಂತ ಮುಂಚೆಯೇ, ಪ್ರೀಆಂಪ್ ಕಡೆಗೇ ಇರುತ್ತದೆ. ಅಂದರೆ ರಿಟರ್ನ್‌ಗೆ ಹಾಕಿದ ಕೂಡಲೇ ವಾಲ್ಯೂಮ್ ನಾಬ್ ಕೂಡ ಸತ್ತುಹೋಗುತ್ತದೆ, ಪವರ್ ಆಂಪ್ ಪೂರ್ತಿ ತೆರೆದ ಹಾಗೆ. ಹಾಗಾಗಿ ಮೊದಲು ಪ್ರೊಸೆಸರ್‌ನ ಔಟ್‌ಪುಟ್ ಸೊನ್ನೆಗೆ ತನ್ನಿ, ಆಮೇಲೆ ವೈರ್ ಹಾಕಿ, ಆಮೇಲೆ ನಿಧಾನವಾಗಿ ಏರಿಸಿ. ನಾನು ಒಂದು ಸಲ ಇದನ್ನು ಮರೆತಿದ್ದೆ. ಪಕ್ಕದ ಮನೆ ಅಜ್ಜಿ ಪೂಜೆ ಬಿಟ್ಟು ಓಡಿ ಬಂದಿದ್ದರು.

ಇನ್ನೊಂದು: ಅಲ್ಲೇ ಪಕ್ಕದಲ್ಲಿ ‘ಸ್ಪೀಕರ್ ಔಟ್’ ಅಂತ ಒಂದು ಜ್ಯಾಕ್ ಇರಬಹುದು. ನೋಡುವುದಕ್ಕೆ ಅದೇ ಥರ. ಅದರಿಂದ ಪ್ರೊಸೆಸರ್‌ಗಾಗಲಿ ಮಿಕ್ಸರ್‌ಗಾಗಲಿ ಯಾವತ್ತೂ ವೈರ್ ಹಾಕಬೇಡಿ, ಸುಟ್ಟುಹೋಗುತ್ತದೆ. ವಾಲ್ವ್ ಆಂಪ್ (ಒಳಗೆ ಗಾಜಿನ ಟ್ಯೂಬ್ ಇರುವಂಥದ್ದು) ಆಗಿದ್ದರೆ ಅದಕ್ಕೆ ಸ್ಪೀಕರ್ ಸಿಕ್ಕಿಸದೆ ಆನ್ ಮಾಡಲೇಬಾರದು.

ಈ ದಾರಿಯ ತೊಂದರೆ ಏನೆಂದರೆ, ಸಣ್ಣ ಪ್ರಾಕ್ಟೀಸ್ ಆಂಪ್‌ಗಳಲ್ಲಿ ರಿಟರ್ನ್ ಇರುವುದೇ ಇಲ್ಲ. ಫೆಂಡರ್ ಫ್ರಂಟ್‌ಮ್ಯಾನ್ 10ಜಿ ಥರದ್ದು ಇಲ್ಲಿ ತುಂಬ ಜನರ ಮನೆಯಲ್ಲಿದೆ. 10 ವ್ಯಾಟ್, 6 ಇಂಚಿನ ಸ್ಪೀಕರ್. ಅದಕ್ಕೆ ಆಕ್ಸ್ ಇನ್‌ಪುಟ್ (ಫೋನಿನ ಹಾಡು ಹಾಕುವ ಜ್ಯಾಕ್) ಇದೆ, ಲೂಪ್ ಇಲ್ಲ. ಅಂಥ ಆಂಪ್‌ಗಳಲ್ಲಿ ಆಕ್ಸ್‌ಗೆ ಹಾಕಿ ನೋಡಬಹುದು. ಪ್ರೀಆಂಪ್ ಬಣ್ಣ ಅಲ್ಲಿ ಅಷ್ಟಾಗಿ ಬೀಳುವುದಿಲ್ಲ. ಆದರೆ 6 ಇಂಚಿನ ಸ್ಪೀಕರ್‌ನಿಂದ ದೊಡ್ಡ ಸ್ಟ್ಯಾಕ್‌ನ ಗುಡುಗು ಬರಲಿ ಅಂದರೆ ಎಲ್ಲಿಂದ ಬರಬೇಕು? ಪ್ಯಾಚ್ ಎಷ್ಟು ತಿದ್ದಿದರೂ ಪೆಟ್ಟಿಗೆಯ ಅಳತೆ ಬದಲಾಗುವುದಿಲ್ಲ.

ಮೂರನೇ ದಾರಿ: ನಾಲ್ಕು ಕೇಬಲ್

ಇದು ಓದುವುದಕ್ಕೆ ರೋಮಾಂಚನ, ಮಾಡುವುದಕ್ಕೆ ತಲೆನೋವು. ಗಿಟಾರ್‌ನಿಂದ ಪ್ರೊಸೆಸರ್ ಇನ್‌ಪುಟ್. ಪ್ರೊಸೆಸರ್ ಸೆಂಡ್‌ನಿಂದ ಆಂಪ್‌ನ ಮುಂದಿನ ಇನ್‌ಪುಟ್. ಆಂಪ್‌ನ ಸೆಂಡ್‌ನಿಂದ ಪ್ರೊಸೆಸರ್ ರಿಟರ್ನ್. ಪ್ರೊಸೆಸರ್ ಔಟ್‌ಪುಟ್‌ನಿಂದ ಆಂಪ್ ರಿಟರ್ನ್. ಲಾಭ ಏನೆಂದರೆ ಓವರ್‌ಡ್ರೈವ್, ವಾ ಪೆಡಲ್ ಇಂಥವು ಆಂಪ್‌ನ ಪ್ರೀಆಂಪ್‌ಗೆ ಮುಂಚೆ ಬರುತ್ತವೆ, ಡಿಲೇ ಮತ್ತು ರಿವರ್ಬ್ ಆಮೇಲೆ ಬರುತ್ತವೆ. ಆಂಪ್‌ನದೇ ಡಿಸ್ಟಾರ್ಷನ್ ಬಳಸುವವರಿಗೆ ಇದರ ಬೆಲೆ ಗೊತ್ತು. ಡಿಲೇ ಮೊದಲು ಬಂದು ಆಮೇಲೆ ಡಿಸ್ಟಾರ್ಷನ್ ಬಿದ್ದರೆ ಸ್ವರಗಳು ಒಂದರ ಮೇಲೊಂದು ಕಲಸಿ ಮುದ್ದೆಯಾಗುತ್ತವೆ.

ಆದರೆ ಇದಕ್ಕೆ ಪ್ರೊಸೆಸರ್‌ನಲ್ಲೂ ಸೆಂಡ್, ರಿಟರ್ನ್ ಇರಬೇಕು. ಬಾಸ್ ಜಿಟಿ-1, ಝೂಮ್ ಜಿ1 ಫೋರ್ ಎರಡರಲ್ಲೂ ಇಲ್ಲ. ನೋಡದೆ ತಗೊಂಡು ಆಮೇಲೆ ಜ್ಯಾಕ್ ಹುಡುಕಿದವರು ಇದ್ದಾರೆ. ಕುವೆಂಪುನಗರದ ಒಂದು ಪ್ರಾಕ್ಟೀಸ್ ರೂಮಿನಲ್ಲಿ ನಾನು ಒಮ್ಮೆ ನಾಲ್ಕೂ ಕೇಬಲ್ ಹಾಕಿ, ಗುಂಯ್ ಸದ್ದು ಎಲ್ಲಿಂದ ಬರುತ್ತಿದೆ ಅಂತ ಹುಡುಕುವಷ್ಟರಲ್ಲಿ ನಮ್ಮ ಡ್ರಮ್ಮರ್ ಹೊರಗೆ ಹೋಗಿ ಎರಡು ಕಾಫಿ ಕುಡಿದು ಬಂದಿದ್ದ. ಕೊನೆಗೆ ಪ್ರತಿ ಕೇಬಲ್ಲಿನ ಎರಡೂ ತುದಿಗೆ ಬಣ್ಣದ ಇನ್ಸುಲೇಷನ್ ಟೇಪ್ ಸುತ್ತಿದೆ. ಕೆಂಪು ಕೆಂಪಿಗೆ, ಹಳದಿ ಹಳದಿಗೆ. ಈಗ ಮೂರು ನಿಮಿಷ ಸಾಕು. ಆದರೂ ನನ್ನ ಅಭಿಪ್ರಾಯ ಹೇಳುತ್ತೇನೆ: ನಿಮ್ಮ ಆಂಪ್‌ನ ಡಿಸ್ಟಾರ್ಷನ್ ಮೇಲೆ ನಿಮಗೆ ನಿಜವಾದ ಪ್ರೀತಿ ಇದ್ದರೆ ಮಾತ್ರ ಈ ದಾರಿ. ಇಲ್ಲದಿದ್ದರೆ ಎರಡನೇ ದಾರಿಯಲ್ಲೇ ಮುಕ್ಕಾಲು ಪಾಲು ಸುಖ ಸಿಗುತ್ತದೆ.

ನಾಲ್ಕನೇ ದಾರಿ: ಆಂಪ್ ಬಿಟ್ಟು ನೇರ ಮಿಕ್ಸರ್‌ಗೆ

ಆರ್ಕೆಸ್ಟ್ರಾದಲ್ಲಿ ಬಾರಿಸುವವರಿಗೆ ಇದೇ ದಾರಿ. ಗಣೇಶನ ಪೆಂಡಾಲಿನಲ್ಲಿ ಗಿಟಾರ್ ಆಂಪ್ ಕೇಳಿದರೆ ಸೌಂಡ್‌ನವರು ನಿಮ್ಮನ್ನು ಮೇಲಿಂದ ಕೆಳಗೆ ನೋಡುತ್ತಾರೆ. ಒಂದು ವೈರ್ ಕೈಗೆ ಕೊಟ್ಟು “ಇದಕ್ಕೆ ಹಾಕ್ಕೊಳಿ” ಅನ್ನುತ್ತಾರೆ. ಅಷ್ಟೇ ಸಿಗುವುದು.

ಕೆಲವು ವರ್ಷದ ಹಿಂದೆ ಮಂಡ್ಯದಲ್ಲಿ ಹೀಗೇ ಒಂದು ಪೆಂಡಾಲು. ಹಿಂದಿನ ದಿನ ಮೈಸೂರಲ್ಲಿ ಆಂಪ್‌ನ ರಿಟರ್ನ್‌ಗೆ ಹಾಕಿ ಪ್ಯಾಚ್ ಮಾಡಿದ್ದೆ, ಕ್ಯಾಬ್ ಆಫ್. ಸಾಯಂಕಾಲ ಅದನ್ನೇ ಮಿಕ್ಸರ್‌ಗೆ ಕೊಟ್ಟೆ. ಕ್ಯಾಬ್ ಆನ್ ಮಾಡುವುದು ಮರೆತಿದ್ದೆ. ಪಿಎ ಸ್ಪೀಕರ್‌ನಲ್ಲಿ (ಜನರಿಗೆ ಕೇಳಿಸುವ ದೊಡ್ಡ ಸ್ಪೀಕರ್) ಟ್ವೀಟರ್ ಇದೆ, ಸೋಸುವವರು ಯಾರೂ ಇಲ್ಲ. ಮೊದಲ ಹಾಡಿನ ಲೀಡ್ ಶುರುವಾದದ್ದೇ ತಡ, ತಗಡಿನ ಮೇಲೆ ಗರಗಸ ಎಳೆದ ಹಾಗೆ. ಮಿಕ್ಸರ್‌ನಲ್ಲಿದ್ದ ಪುಣ್ಯಾತ್ಮ ನನ್ನ ಫೇಡರ್ (ವಾಲ್ಯೂಮ್ ಜಾರಿಸುವ ಗುಂಡಿ) ಕೆಳಗೆ ಎಳೆದ. ಆಮೇಲೆ ಏರಿಸಲೇ ಇಲ್ಲ. ಅವನ ತಪ್ಪು ಅಂತ ನಾನು ಹೇಳುವುದಿಲ್ಲ. ಕಾರ್ಯಕ್ರಮ ಮುಗಿದು ವೈರ್ ಸುತ್ತುತ್ತಿದ್ದಾಗ ಮುಂದಿನ ಸಾಲಿನಲ್ಲಿ ಕೂತಿದ್ದ ಒಬ್ಬರು ಬಂದು ಕೇಳಿದರು: “ಏನಣ್ಣೋ, ಗಿಟಾರು ಬರೀ ಶೋಗಾ?”

ಆವತ್ತಿನಿಂದ ಪ್ರತಿ ಸೌಂಡ್‌ಗೂ ಎರಡು ಪ್ಯಾಚ್ ಇಟ್ಟಿದ್ದೇನೆ. ಒಂದರ ಹೆಸರಿನ ಕೊನೆಗೆ ಆಂಪ್, ಇನ್ನೊಂದಕ್ಕೆ ಮಿಕ್ಸರ್.

ಮಿಕ್ಸರ್‌ಗೆ ಹೋಗುವಾಗ ಆಂಪ್ ಮಾಡೆಲ್, ಕ್ಯಾಬ್ ಎರಡೂ ಆನ್. ಎರಡು ಕತ್ತರಿ ಹಾಕಿ. 80ರಿಂದ 100 ಹರ್ಟ್ಸ್ ಆಸುಪಾಸಿಗಿಂತ ಕೆಳಗಿರುವುದನ್ನೆಲ್ಲ ಕತ್ತರಿಸಿ. ಗಿಟಾರಿನ ದಪ್ಪ ತಂತಿಯೇ 82 ಹರ್ಟ್ಸ್. ಅದಕ್ಕಿಂತ ಕೆಳಗಿರುವುದು ಬೇಸ್ ಗಿಟಾರ್ ಮತ್ತು ಡ್ರಮ್ಮಿನ ಜಾಗ, ನೀವು ಅಲ್ಲಿ ಕಾಲು ಚಾಚಿದರೆ ಎಲ್ಲರ ಸೌಂಡೂ ಕೆಸರು. ಸುಮಾರು 6000 ಹರ್ಟ್ಸ್‌ಗಿಂತ ಮೇಲಿರುವುದನ್ನೂ ಕತ್ತರಿಸಿ. ಕ್ಯಾಬ್ ಸೋಸಿದ ಮೇಲೂ ಉಳಿಯುವ ಚೂರುಪಾರು ಅಲ್ಲಿಗೆ ಹೋಗುತ್ತದೆ. ಪ್ರೊಸೆಸರ್‌ನ ಎಡ ಔಟ್‌ಪುಟ್‌ಗೆ ಎಲ್ / ಮೋನೋ ಅಂತ ಬರೆದಿರುತ್ತದೆ, ಒಂದೇ ವೈರ್ ಕೊಡುವಾಗ ಅದಕ್ಕೇ ಕೊಡಿ. ಬಲಕ್ಕೆ ಕೊಟ್ಟರೆ ಸ್ಟೀರಿಯೋ ಡಿಲೇಯಲ್ಲಿ ಅರ್ಧ ಮಾತ್ರ ಕೇಳುತ್ತದೆ.

ವೈರ್ ಉದ್ದ ಜಾಸ್ತಿ ಇದ್ದರೆ ಮಧ್ಯೆ ಡಿಐ ಬಾಕ್ಸ್ (ಸಿಗ್ನಲನ್ನು ಮಿಕ್ಸರ್‌ನ ಮೈಕ್ ಚಾನೆಲ್‌ಗೆ ಹೊಂದುವ ಹಾಗೆ ಬದಲಿಸುವ ಡಬ್ಬಿ) ಬೇಕು. ಬ್ಯಾಟರಿ ಬೇಡದ ಪ್ಯಾಸಿವ್ ಡಿಐ ಪ್ರೊಸೆಸರ್‌ಗೆ ಸಾಕು. ನಿಮ್ಮದೇ ಒಂದು ಬ್ಯಾಗ್‌ನಲ್ಲಿರಲಿ, ಸೌಂಡ್‌ನವರ ಹತ್ತಿರ ಇರುತ್ತದೆ ಅಂತ ನಂಬಿಕೊಂಡು ಹೋಗಬೇಡಿ. ಡಿಐ ಇಲ್ಲದೆ ಯಾವುದೋ ಕನ್ವರ್ಟರ್ ಪಿನ್ ಹಾಕಿ ಮೈಕ್ ಚಾನೆಲ್‌ಗೆ ಕೊಡುವುದಾದರೆ ಆ ಚಾನೆಲ್‌ನ 48 ವೋಲ್ಟ್ ಫ್ಯಾಂಟಮ್ (ಮಿಕ್ಸರ್ ಮೈಕ್‌ಗೆ ಕಳಿಸುವ ಕರೆಂಟು) ಆಫ್ ಮಾಡಿಸಿ.

ಈ ದಾರಿಯಲ್ಲಿ ಒಂದು ಕೊರತೆ ಇದೆ. ಬೆನ್ನ ಹಿಂದೆ ಆಂಪ್ ಇದ್ದಾಗ ಪ್ಯಾಂಟಿಗೆ ಗಾಳಿ ಬಡಿಯುತ್ತದಲ್ಲ, ಅದು ಇಲ್ಲಿ ಇಲ್ಲ. ಮಾನಿಟರ್‌ನಲ್ಲಿ (ಬಾರಿಸುವವರ ಕಡೆ ತಿರುಗಿಸಿದ ಸ್ಪೀಕರ್) ಎಷ್ಟು ಕೇಳಿಸುತ್ತದೆ ಅನ್ನುವುದು ಬೇರೆಯವರ ಕೈಯಲ್ಲಿ. ಅದಕ್ಕೇ ಕೆಲವರು ತಮ್ಮದೇ ಪವರ್ಡ್ ಸ್ಪೀಕರ್ (ಒಳಗೇ ಪವರ್ ಆಂಪ್ ಇರುವಂಥದ್ದು) ಒಯ್ಯುತ್ತಾರೆ. ಎಫ್‌ಆರ್‌ಎಫ್‌ಆರ್ ಅಂತ ಗಿಟಾರಿನವರಿಗೆ ಮಾರುವುದೂ ಹೆಚ್ಚುಕಡಿಮೆ ಅದೇ, ಬಣ್ಣ ಹಚ್ಚದೆ ಎಲ್ಲ ಸ್ವರವನ್ನೂ ಇದ್ದ ಹಾಗೆ ಕೊಡುವ ಸ್ಪೀಕರ್. ಕೀಬೋರ್ಡ್ ಆಂಪ್ ಕೂಡ ಆಗುತ್ತದೆ. ಇದಕ್ಕೂ ಕ್ಯಾಬ್ ಆನ್ ಇರಬೇಕು. ಮನೆಯಲ್ಲಿ ಮಾಡಿದ ಪ್ಯಾಚ್ ಪೆಂಡಾಲಿನಲ್ಲೂ ಬಹಳ ಮಟ್ಟಿಗೆ ಹಾಗೇ ಕೇಳುತ್ತದೆ, ಇದರ ದೊಡ್ಡ ಲಾಭ ಅದು. ಬ್ಲೂಟೂತ್ ಸ್ಪೀಕರ್‌ಗೆ ಗಾಳಿಯಲ್ಲೇ ಕಳಿಸುವ ಯೋಚನೆ ಮಾತ್ರ ಬೇಡ. ತಂತಿ ಮೀಟಿದ ಮೇಲೆ ಸದ್ದು ತಡವಾಗಿ ಬರುತ್ತದೆ, ತಾಳವೇ ಸಿಗುವುದಿಲ್ಲ.

ಪ್ಯಾಚ್ ಮಾಡುವಾಗ ವಾಲ್ಯೂಮ್ ಎಷ್ಟಿತ್ತು?

ರಾತ್ರಿ ಎಲ್ಲರೂ ಮಲಗಿದ ಮೇಲೆ ಮೆಲ್ಲಗೆ ಮಾಡಿದ ಪ್ಯಾಚ್ ಸ್ಟೇಜ್ ಮೇಲೆ ಯಾಕೆ ಕೆಡುತ್ತದೆ ಗೊತ್ತಾ? ನಮ್ಮ ಕಿವಿ ಮೋಸ ಮಾಡುತ್ತದೆ. ಸದ್ದು ಮೆಲ್ಲಗಿದ್ದಾಗ ಬೇಸ್ ಮತ್ತು ತೀರ ಮೇಲಿನ ಸ್ವರಗಳು ಕಿವಿಗೆ ಕಮ್ಮಿ ಕೇಳುತ್ತವೆ, ಮಧ್ಯದವು ಜಾಸ್ತಿ. ಫ್ಲೆಚರ್ ಮತ್ತು ಮನ್ಸನ್ ಅನ್ನುವ ಇಬ್ಬರು ಅಮೆರಿಕದ ವಿಜ್ಞಾನಿಗಳು ಇದನ್ನು ಅಳೆದು 1933ರಲ್ಲೇ ಪ್ರಕಟಿಸಿದರು. ನಮ್ಮ ಮಂಡ್ಯದ ಮೈಷುಗರ್ ಕಂಪನಿ ಶುರುವಾದ ಕಾಲದ ಮಾತು, ಅಷ್ಟು ಹಳೆಯದು. ಹಾಗಾಗಿ ರಾತ್ರಿ ನಾವು ಬೇಸ್ ಏರಿಸುತ್ತೇವೆ, ಟ್ರೆಬಲ್ ಏರಿಸುತ್ತೇವೆ, ಮಿಡ್ ಇಳಿಸುತ್ತೇವೆ. ಮಾರನೇ ದಿನ ವಾಲ್ಯೂಮ್ ಜೋರಾದಾಗ ಬೇಸ್ ಗುಡುಗುಡು, ಟ್ರೆಬಲ್ ಚಾಕು, ಗಿಟಾರ್ ನಾಪತ್ತೆ. ಬ್ಯಾಂಡಿನ ಮಧ್ಯೆ ಗಿಟಾರ್ ಕೇಳುವುದೇ ಮಿಡ್‌ನಿಂದ.

ಫ್ಯಾಕ್ಟರಿ ಪ್ಯಾಚ್‌ಗಳದ್ದೂ ಇದೇ ಕಥೆ. ಅಂಗಡಿಯಲ್ಲಿ ಹೆಡ್‌ಫೋನ್ ಹಾಕಿದವನು ಬೆರಗಾಗಲಿ ಅಂತ ಗೇನ್, ರಿವರ್ಬ್, ಡಿಲೇ ಎಲ್ಲ ಧಾರಾಳ. ನಾನು ಮಾಡುವುದು ಹೀಗೆ: ಸ್ಟೇಜಿನ ವಾಲ್ಯೂಮ್‌ಗೆ ಹತ್ತಿರ ಇಟ್ಟುಕೊಂಡು, ಖಾಲಿ ಪ್ಯಾಚ್‌ನಿಂದ ಶುರು. ಮೊದಲು ಆಂಪ್ ಮಾಡೆಲ್ ಒಂದೇ. ಗೇನ್ ಬೇಕು ಅನಿಸಿದ್ದಕ್ಕಿಂತ ಕಾಲು ಭಾಗ ಕಮ್ಮಿ. ಅದು ಚೆನ್ನಾಗಿ ಕೇಳಿದ ಮೇಲೆ ಡಿಲೇ, ಕೊನೆಗೆ ಬೇಕಾದರೆ ಸ್ವಲ್ಪ ರಿವರ್ಬ್. ಹಾಲ್‌ನಲ್ಲಿ ಹೇಗೂ ಮಾರ್ದನಿ ಇದ್ದೇ ಇರುತ್ತದೆ. ಎರಡಡಿ ದೂರದಲ್ಲಿ ನಿಂತು ಸ್ಪೀಕರ್ ಕಾಲಿನ ಕಡೆ ಮುಖ ಮಾಡಿದ್ದರೆ ಟ್ರೆಬಲ್ ನಿಮಗೆ ಗೊತ್ತಾಗುವುದಿಲ್ಲ, ಮುಂದೆ ಕೂತವರ ಕಿವಿಗೆ ಹೊಡೆಯುತ್ತಿರುತ್ತದೆ. ಆಂಪನ್ನು ಕುರ್ಚಿ ಮೇಲಿಡಿ, ಇಲ್ಲವೇ ಹಿಂದಕ್ಕೆ ಒರಗಿಸಿ.

ಗುಂಯ್ ಅಂದರೆ

ನಮ್ಮ ಕರೆಂಟು 50 ಹರ್ಟ್ಸ್. ಗುಂಯ್ ಅನ್ನುವ ಸದ್ದು ಅಲ್ಲಿಂದಲೋ ಅದರ ಎರಡರಷ್ಟು 100ರಿಂದಲೋ ಬರುತ್ತದೆ. ಅಡಾಪ್ಟರ್‌ನದೋ ಅಲ್ಲವೋ ಅಂತ ತಿಳಿಯಲು ಬ್ಯಾಟರಿ ಉಪಾಯ ಇದೆ. ಜಿಟಿ-1, ಜಿ1 ಫೋರ್ ಎರಡೂ ನಾಲ್ಕು ಪೆನ್ಸಿಲ್ ಸೆಲ್‌ನಲ್ಲಿ ನಡೆಯುತ್ತವೆ. ಅಡಾಪ್ಟರ್ ಕಿತ್ತು ಸೆಲ್ ಹಾಕಿ. ಗುಂಯ್ ನಿಂತರೆ ತಪ್ಪು ಅಡಾಪ್ಟರ್ ಕಡೆಯದ್ದು, ಅಥವಾ ಎರಡು ಕಡೆಯಿಂದ ಅರ್ಥ್ ಸೇರಿ ಸುತ್ತು ಬಿದ್ದಿದೆ. ಡಿಐ ಬಾಕ್ಸಿನ ಗ್ರೌಂಡ್ ಲಿಫ್ಟ್ ಸ್ವಿಚ್ ಇರುವುದು ಇಂಥದ್ದಕ್ಕೇ. ನಿಲ್ಲದಿದ್ದರೆ ಗಿಟಾರ್, ಕೇಬಲ್, ಟ್ಯೂಬ್‌ಲೈಟ್ ಹುಡುಕಿ. ನಾಯ್ಸ್ ಗೇಟ್ (ಬಾರಿಸದಾಗ ಸದ್ದು ಮುಚ್ಚುವ ಎಫೆಕ್ಟ್) ಹಾಕಿ ಮುಚ್ಚಬಹುದು, ಆದರೆ ಬಾರಿಸುತ್ತಿರುವಾಗ ಗುಂಯ್ ಒಳಗೇ ಇರುತ್ತದೆ.

ಆಂಪ್ ಪ್ಲಗ್‌ನ ಅರ್ಥ್ ಪಿನ್ ಮುರಿದು ಎರಡು ಪಿನ್‌ನಲ್ಲಿ ಚುಚ್ಚುವುದನ್ನು ಪೆಂಡಾಲುಗಳಲ್ಲಿ ನೋಡಿದ್ದೇನೆ. ಗುಂಯ್ ನಿಲ್ಲಬಹುದು. ಮಳೆ ಬಿದ್ದ ನೆಲ, ಕೈಯಲ್ಲಿ ತಂತಿ, ತುಟಿಗೆ ಮೈಕ್. ನಾನು ಅಂಥ ಕಡೆ ಗಿಟಾರ್ ಬ್ಯಾಗ್‌ನಿಂದ ಹೊರಗೇ ತೆಗೆಯುವುದಿಲ್ಲ.

ಹಾಗಾದರೆ ಯಾರಿಗೆ ಯಾವುದು

ಮನೆಯಲ್ಲಿ ಮಾತ್ರ ಬಾರಿಸುವವರು, ಅದರಲ್ಲೂ ಗೋಡೆಗೆ ಗೋಡೆ ಅಂಟಿದ ಮನೆ ಇರುವವರು, ಗಿಟಾರ್ ಆಂಪ್‌ಗೆ ದುಡ್ಡು ಹಾಕುವ ಮುಂಚೆ ಒಂದು ಒಳ್ಳೆಯ ಹೆಡ್‌ಫೋನ್ ನೋಡಿ. ಸದ್ದು ಬೇಕೇ ಬೇಕು ಅಂದರೆ ಯಮಾಹಾ ಟಿಎಚ್‌ಆರ್ ಥರದ ಸಣ್ಣ ಆಂಪ್‌ನ ಆಕ್ಸ್‌ಗೆ ಹಾಕಬಹುದು. ಅದರ ಸ್ಪೀಕರ್ ಹಾಡು ಕೇಳುವ ಜಾತಿಯದು, ಹಾಗಾಗಿ ಕ್ಯಾಬ್ ಆನ್.

ಕಾಲೇಜ್ ಬ್ಯಾಂಡಿನವರಿಗೆ 12 ಇಂಚಿನ ಸ್ಪೀಕರ್, ಹಿಂದೆ ರಿಟರ್ನ್ ಇರುವ ಆಂಪ್. ಫೆಸ್ಟ್‌ಗಳಲ್ಲಿ, ಯುವ ದಸರಾದಂಥ ದೊಡ್ಡ ವೇದಿಕೆಯಲ್ಲಿ ಆಂಪ್ ಅವರದೇ ಇರುತ್ತದೆ, ನಿಮ್ಮ ಸರದಿ ಬಂದಾಗ ಸಿಗುವುದು ಕೆಲವೇ ನಿಮಿಷ. ಯಾವ ಆಂಪ್ ಇಡುತ್ತಾರೆ ಅಂತ ಮುಂಚೆಯೇ ಫೋನ್ ಮಾಡಿ ಕೇಳಿ. ರಿಟರ್ನ್ ಇದೆಯಾ ಅಂತಲೂ ಕೇಳಿ. ಗೊತ್ತಿಲ್ಲ ಅಂದರೆ ಒಂದು ಫೋಟೋ ಕಳಿಸಲು ಹೇಳಿ, ಮುಂದಿನದ್ದಲ್ಲ, ಹಿಂದಿನದ್ದು.

ಆರ್ಕೆಸ್ಟ್ರಾದವರಿಗೆ ಆಂಪ್ ಬೇಡವೇ ಬೇಡ. ಆ ದುಡ್ಡಿನಲ್ಲಿ ಡಿಐ ಬಾಕ್ಸ್, ಎರಡು ಗಟ್ಟಿ ಕೇಬಲ್, ಉಳಿದರೆ 10 ಇಂಚಿನ ಪವರ್ಡ್ ಸ್ಪೀಕರ್. ಮಂಡ್ಯ ಮೈಸೂರು ಮಧ್ಯೆ ಬಸ್ಸಲ್ಲಿ ಓಡಾಡುವವರಿಗೆ ಪ್ರೊಸೆಸರ್ ಮತ್ತು ಡಿಐ ಗಿಟಾರ್ ಬ್ಯಾಗಿನ ಜೇಬಲ್ಲೇ ಹೋಗುತ್ತವೆ, ಲಗೇಜ್ ಟಿಕೆಟ್ ಮಾತೇ ಬರುವುದಿಲ್ಲ.

ಸೆಕೆಂಡ್ ಹ್ಯಾಂಡ್ ಆಂಪ್ ನೋಡಲು ಹೋದರೆ ಪ್ರೊಸೆಸರ್ ಜೊತೆಗೇ ಒಯ್ಯಿರಿ. ಮುಂದಿನ ಇನ್‌ಪುಟ್‌ಗೆ ಹಾಕಿ ಬಾರಿಸಿ, ರಿಟರ್ನ್‌ಗೂ ಹಾಕಿ ಬಾರಿಸಿ. ತುಂಬ ದಿನ ಬಳಸದ ರಿಟರ್ನ್ ಜ್ಯಾಕ್‌ನ ಒಳಗಿನ ಸ್ವಿಚ್ ತುಕ್ಕು ಹಿಡಿದಿರುತ್ತದೆ. ಅಂಥ ಆಂಪ್‌ನಲ್ಲಿ ಸೌಂಡ್ ಇದ್ದಕ್ಕಿದ್ದ ಹಾಗೆ ಮಾಯವಾಗಿ, ಮೇಲೆ ಒಂದು ಏಟು ಕೊಟ್ಟರೆ ಮತ್ತೆ ಬರುತ್ತದೆ. ಮಾರುವವರು “ಏನೋ ಲೂಸ್ ಇದೆ” ಅಂತ ಬೆಲೆ ಇಳಿಸುತ್ತಾರೆ. ಸೆಂಡ್‌ನಿಂದ ರಿಟರ್ನ್‌ಗೆ ಒಂದು ಚಿಕ್ಕ ಕೇಬಲ್ ಹಾಕಿ ನೋಡಿ. ಸೌಂಡ್ ಮಾಯವಾಗದೆ ಒಂದೇ ಸಮ ಬಂದರೆ ತೊಂದರೆ ಆ ಜ್ಯಾಕ್‌ನದೇ. ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಹೊಡೆದು ಪಿನ್ ನಾಲ್ಕು ಸಲ ಹಾಕಿ ತೆಗೆದರೆ ಬಹಳ ಸಲ ಸರಿಹೋಗುತ್ತದೆ. ನನ್ನ ಈಗಿನ ಆಂಪ್ ಸಿಕ್ಕಿದ್ದು ಹಾಗೇ.